ರೋಗಕ್ಕೆ ಬಣ್ಣದ ಭೇದವಿಲ್ಲ

ಧಾರವಾಡ ಜಿಲ್ಲೆಯ ಪೂರ್ವಭಾಗದಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲಗಳು ಕಣ್ಣು ಹಾಯುವವರೆಗೆ ಹರಡಿವೆ. ಪಶ್ಚಿಮಕ್ಕೆ ಸಾಗಿದಂತೆ ಬಯಲು ಹಿಂದುಳಿದು, ಕಲಘಟಗಿ ತಾಲೂಕಿನಲ್ಲಿ ಮಲೆನಾಡಿನ ಸೆರಗು ಆರಂಭವಾಗುತ್ತದೆ. ಈ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಜರು ಆಫ್ರಿಕಾ ಖಂಡದವರು. ಶತಮಾನಗಳ ಹಿಂದೆ ಪೋರ್ತುಗೀಜರೂ ಅರಬ ವ್ಯಾಪಾರಿಗಳೂ ಅವರನ್ನು ಗುಲಾಮರನ್ನಾಗಿ ಮಾಡಿ ಭಾರತದ ಪಶ್ಚಿಮ ಕರಾವಳಿಗೆ ತಂದರು. ದಾಸ್ಯವನ್ನು ತಾಳಲಾರದೆ ಗೋವೆಯಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡುಗಳನ್ನು ಸೇರಿ ನೆಲೆನಿಂತರು. ಇಂದು ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ; ಕನ್ನಡ, ಕೊಂಕಣಿಗಳು ಅವರ ನಾಲಗೆಯ ಮೇಲಿವೆ. ಅವರು ಈ ನೆಲದ ಮಕ್ಕಳೇ ಆಗಿದ್ದರೂ, ಮೈಬಣ್ಣವನ್ನೂ ಗುಂಗುರು ಕೂದಲನ್ನೂ ಕಂಡು ಪರದೇಶದವರೆಂದು ಭಾವಿಸುವವರು ಇಲ್ಲದಿಲ್ಲ.

ರೋಗವು ಯಾರ ಬಣ್ಣವನ್ನೂ ಕೇಳಿ ಬರುವುದಿಲ್ಲ. ಆದರೆ ರೋಗವನ್ನು ಗುರುತಿಸುವ ಕಣ್ಣು ಮನುಷ್ಯನದು; ಆ ಕಣ್ಣಿಗೆ ರೂಢಿಯ ಕಟ್ಟುಪಾಡು ಉಂಟು. ರಕ್ತಹೀನತೆಯಾದರೆ ಮೈ ಬಿಳಿಚಿಕೊಳ್ಳುತ್ತದೆ, ಕಾಮಾಲೆಯಾದರೆ ಹಳದಿಯಾಗುತ್ತದೆ, ಉಸಿರಾಟಕ್ಕೆ ತೊಂದರೆಯಾದರೆ ತುಟಿ ನೀಲಿಗಟ್ಟುತ್ತದೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಈ ವರ್ಣನೆಗಳು ಬಹುಮಟ್ಟಿಗೆ ಬಿಳಿಯ ಚರ್ಮವನ್ನು ನೋಡಿ ಬರೆದವು. ಸಿದ್ದಿ ತಾಯಿಯೊಬ್ಬಳು ಕಾಮಾಲೆಯಾದ ಹಸುಗೂಸನ್ನು ದವಾಖಾನೆಗೆ ತಂದಳೆಂದು ಭಾವಿಸೋಣ. ಮೈಬಣ್ಣವೊಂದನ್ನೇ ನೋಡುವವರಿಗೆ ಅಲ್ಲಿ ಹಳದಿ ಕಾಣದೆ ಹೋಗಬಹುದು. ಕಣ್ಣಿನ ಬಿಳಿಭಾಗವನ್ನೂ ಬಾಯಿಯ ಒಳಭಾಗವನ್ನೂ ನೋಡಿ, ಅನುಮಾನ ಬಂದರೆ ರಕ್ತವನ್ನು ಪರೀಕ್ಷಿಸಿದಾಗ ಮಾತ್ರ ನಿಜ ತಿಳಿಯುತ್ತದೆ. ಹಾಗೆಯೇ ರಕ್ತಹೀನತೆಯನ್ನು ಅರಿಯಲು ಕೆಳರೆಪ್ಪೆಯ ಒಳಭಾಗವನ್ನೂ ನಾಲಗೆಯನ್ನೂ ಅಂಗೈಯನ್ನೂ ನೋಡಬೇಕು. ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ಈ ಕೊರತೆಯನ್ನು ಮನಗಂಡು, ಕಪ್ಪು ಹಾಗೂ ಕಂದು ಚರ್ಮದ ಮೇಲೆ ರೋಗಲಕ್ಷಣಗಳು ಹೇಗೆ ಕಾಣುತ್ತವೆಂಬುದನ್ನು ತೋರಿಸುವ ಕೈಪಿಡಿಯೊಂದನ್ನು ತನ್ನ ಗುರುಗಳೊಡನೆ 2020ರಲ್ಲಿ ಸಿದ್ಧಪಡಿಸಿದನು.

ಮನುಷ್ಯನ ಕಣ್ಣು ತಪ್ಪಬಹುದು, ಯಂತ್ರವು ತಪ್ಪುವುದೆ? ಅದೂ ತಪ್ಪಬಲ್ಲುದು. ಕೊರೋನಾ ಕಾಲದಲ್ಲಿ ಬೆರಳಿಗೆ ತೊಡಿಸುತ್ತಿದ್ದ ಆಕ್ಸಿಮೀಟರ್ ಎಲ್ಲರಿಗೂ ಪರಿಚಿತವಾಗಿದೆ. ಅದು ಬೆರಳಿನ ಮೂಲಕ ಬೆಳಕನ್ನು ಹಾಯಿಸಿ ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುತ್ತದೆ. ಚರ್ಮದ ಕಪ್ಪು ವರ್ಣದ್ರವ್ಯವೂ ಬೆಳಕನ್ನು ಹೀರುವುದರಿಂದ ಅಳತೆ ಏರುಪೇರಾಗುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದೋಷವನ್ನು ಎತ್ತಿ ತೋರಿಸಿತು. ಯಂತ್ರವು ಆಮ್ಲಜನಕದ ಮಟ್ಟ 92ರಿಂದ 96ರಷ್ಟಿದೆ ಎಂದು ತೋರಿಸಿದಾಗಲೂ, ರಕ್ತವನ್ನೇ ತೆಗೆದು ಪರೀಕ್ಷಿಸಿದರೆ ಅದು 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ನೂರಕ್ಕೆ ಸುಮಾರು 4, ಕರಿಯರಲ್ಲಿ ಸುಮಾರು 12. ಯಂತ್ರಕ್ಕೆ ದ್ವೇಷವಿಲ್ಲ, ಆದರೆ ಅದನ್ನು ರೂಪಿಸಿ ಪರೀಕ್ಷಿಸಿದವರು ಎಲ್ಲ ಬಣ್ಣದವರನ್ನೂ ಸಮನಾಗಿ ನೆನೆಯಲಿಲ್ಲ.

ಕಣ್ಣಿನ ತಪ್ಪಿಗಿಂತಲೂ ಮನಸ್ಸಿನ ತಪ್ಪು ಘೋರವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಾರ್ಲ್ಸ್ ಡ್ರೂ ಎಂಬ ಕರಿಯ ವೈದ್ಯನು ರಕ್ತನಿಧಿಗಳ ವ್ಯವಸ್ಥೆಯನ್ನು ರೂಪಿಸುವುದರಲ್ಲಿ ಅಗ್ರಗಣ್ಯನಾಗಿದ್ದನು. ಆದರೂ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯು ಮೊದಲು ಕರಿಯರ ರಕ್ತವನ್ನೇ ಸ್ವೀಕರಿಸಲಿಲ್ಲ. 1942ರಲ್ಲಿ ಸ್ವೀಕರಿಸಲು ಒಪ್ಪಿದಾಗಲೂ ಅದನ್ನು ಬೇರೆಯಾಗಿಯೇ ಇರಿಸಿತು. ರಕ್ತಕ್ಕೆ ಗುಂಪುಗಳುಂಟು, ಬಣ್ಣದ ಭೇದವಿಲ್ಲವೆಂದು ವಿಜ್ಞಾನವು ಬಲ್ಲುದಾಗಿದ್ದರೂ ಆ ಪದ್ಧತಿ 1950ರವರೆಗೆ ಉಳಿಯಿತು. ಇಂಥ ಭ್ರಮೆಗಳು ಇನ್ನೂ ಪೂರ್ಣವಾಗಿ ಅಳಿದಿಲ್ಲ. ಕರಿಯರ ಚರ್ಮ ಬಿಳಿಯರದಕ್ಕಿಂತ ದಪ್ಪವೆಂಬಂಥ ಮಿಥ್ಯೆಗಳನ್ನು ನಂಬಿದ ವೈದ್ಯವಿದ್ಯಾರ್ಥಿಗಳು ಕರಿಯ ರೋಗಿಯ ನೋವನ್ನು ಕಡಿಮೆಯೆಂದೇ ಎಣಿಸಿದರೆಂಬುದು 2016ರಲ್ಲಿ ವರ್ಜೀನಿಯದಲ್ಲಿ ನಡೆದ ಅಧ್ಯಯನದಿಂದ ತಿಳಿದುಬಂದಿತು.

ಬಣ್ಣವನ್ನೇ ರೋಗದ ಕಾರಣವೆಂದು ತಿಳಿಯುವುದು ಇನ್ನೊಂದು ತಪ್ಪು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗವನ್ನು ಕರಿಯರ ರೋಗವೆಂದೇ ಬಹುಕಾಲ ತಿಳಿಯಲಾಗಿತ್ತು. 1952ರಲ್ಲಿ ಅದು ನಮ್ಮ ನೆರೆಯ ನೀಲಗಿರಿಯ ಜನರಲ್ಲಿಯೂ ಕಂಡುಬಂದಿತು. ಆ ರೋಗದ ಅಂಶವನ್ನು ತಂದೆ ಅಥವಾ ತಾಯಿ ಒಬ್ಬರಿಂದಲೇ ಪಡೆದವರಿಗೆ ಮಲೇರಿಯದಿಂದ ರಕ್ಷಣೆ ದೊರೆಯುವುದರಿಂದ, ಮಲೇರಿಯ ಹಬ್ಬಿದ್ದ ನಾಡುಗಳಲ್ಲಿ ಅದು ಉಳಿದು ಬಂದಿತು. ಅದು ಅನುಸರಿಸಿದ್ದು ಸೊಳ್ಳೆಯ ದಾರಿಯನ್ನೇ ಹೊರತು ಚರ್ಮದ ಬಣ್ಣವನ್ನಲ್ಲ.

ಆರೋಗ್ಯವು ಔಷಧಿಯೊಂದರಿಂದಲೇ ಬರುವುದಿಲ್ಲ. ಹೊಟ್ಟೆ ತುಂಬ ಅನ್ನ, ವಿದ್ಯೆ, ದುಡಿಮೆಗೆ ತಕ್ಕ ಕೂಲಿ, ದವಾಖಾನೆಗೆ ಹೋಗುವ ದಾರಿ ಇವೆಲ್ಲವೂ ಅದಕ್ಕೆ ಬೇಕು. ಸಿದ್ದಿ ಜನರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಿದರು. ಆದರೆ ಆ ಮಾನ್ಯತೆ ಉತ್ತರ ಕನ್ನಡ ಜಿಲ್ಲೆಯವರಿಗಷ್ಟೇ ಸೀಮಿತವಾಗಿತ್ತು. ಜಿಲ್ಲೆಯ ಗಡಿಯಾಚೆ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳಿಗೆ ದೊರೆತ ಹಕ್ಕು ಈಚೆ ಕಲಘಟಗಿಯ ಸಿದ್ದಿಗಳಿಗೆ ದೊರೆಯಲಿಲ್ಲ. ಕುಲವೊಂದೇ, ಬಡತನವೊಂದೇ; ನಡುವೆ ಇದ್ದುದು ನಕಾಶೆಯ ಗೆರೆ ಮಾತ್ರ. 2020ರಲ್ಲಿ ಸಂಸತ್ತು ಕಾನೂನನ್ನು ತಿದ್ದಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿ ಜನರನ್ನೂ ಆ ಪಟ್ಟಿಗೆ ಸೇರಿಸಿತು. ಗೆರೆಯೊಂದು ಅಳಿಯಲು 17 ವರ್ಷಗಳು ಬೇಕಾದವು.

ಮಾನವ ಕುಲವು ಒಂದೇ ಎಂಬ ಅರಿವನ್ನು ಸಾರಿದ ಆದಿಕವಿ ಪಂಪನ ಹೆಸರು ಇದೇ ಜಿಲ್ಲೆಯ ಅಣ್ಣಿಗೇರಿಯೊಡನೆ ಕೂಡಿಕೊಂಡಿದೆ. ಸಾವಿರ ವರ್ಷಗಳ ಹಿಂದಿನ ಆ ಅರಿವು ವೈದ್ಯನ ಕೈಯಲ್ಲಿ ಕಾರ್ಯರೂಪಕ್ಕೆ ಬರಬೇಕು. ಎಲ್ಲರನ್ನೂ ಒಂದೇ ತೆರನಾಗಿ ನೋಡುವುದಷ್ಟೇ ಸಮಾನತೆಯಲ್ಲ. ಎದುರಿಗೆ ಕುಳಿತವನ ದೇಹವನ್ನು ಅದು ಇರುವಂತೆಯೇ ಅರಿತು ನೋಡುವುದು, ಅವನ ನೋವಿನ ಮಾತನ್ನು ನಂಬಿ ಕೇಳುವುದು ನಿಜವಾದ ಸಮಾನತೆ. ಇಂದು ಶಾಲೆಯಲ್ಲಿ ಕುಳಿತಿರುವ ಮಕ್ಕಳಲ್ಲಿ ಕೆಲವರು ನಾಳೆ ವೈದ್ಯರೂ ದಾದಿಯರೂ ಆಗುವರು. ಅವರ ಬಳಿಗೆ ಬರುವ ತಾಯಿಗೆ ತನ್ನ ಮಗುವಿನ ಬಣ್ಣದ ವಿಚಾರ ಬೇಡ. ಮಗು ಬದುಕಬೇಕು, ಅಷ್ಟೇ.