ಪ್ರೋಗ್ರಾಂ ಓದುವ ಪ್ರೋಗ್ರಾಂ



ನಮ್ಮ ಕಾಪಿ ಪುಸ್ತಕವನ್ನು ಮೇಷ್ಟ್ರು ತಿದ್ದುತ್ತಾರೆ. ಕಂಪ್ಯೂಟರಿಗೆ ಬರೆದ ಪ್ರೋಗ್ರಾಮನ್ನು ಯಾರು ನೋಡುತ್ತಾರೆ? ಅದಕ್ಕೂ ಒಂದು ಪ್ರೋಗ್ರಾಂ ಇದೆ. ಅದು ನನಗೆ ಗೊತ್ತಾದದ್ದು ಬಿಸಿಯೂಟದ ಅಕ್ಕಿಯಿಂದ.

ದಸರಾ ರಜೆಗೆ ದೊಡ್ಡಪ್ಪನ ಮಗಳು ಬೋಗಾದಿಗೆ ಬಂದಿದ್ದಳು. ಆ ಅಕ್ಕನ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆ ಕಲಿತು ಆರು ಸಾಲಿನ ಪ್ರೋಗ್ರಾಂ ಬರೆದೆ. ಅಕ್ಷರ ದಾಸೋಹದ ಲೆಕ್ಕದಂತೆ ಐದನೇ ತರಗತಿವರೆಗೆ ಒಬ್ಬರಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರೆಗೆ 150 ಗ್ರಾಂ. ಚಿಕ್ಕವರು 40, ದೊಡ್ಡವರು 30 ಎಂದು ಕೊಟ್ಟೆ. 7000 ಗ್ರಾಂ ಎಂದು ಬಂತು. ಶಾಲೆ ಶುರುವಾದ ಮೇಲೆ ಅಡುಗೆ ಅಕ್ಕನಿಗೆ ಜಂಬದಿಂದ ಹೇಳಿದೆ. “ಏಳು ಕೇಜಿ ಸಾಲಲ್ಲ ಕಣಪ್ಪಾ, ದೊಡ್ಡ ಮಕ್ಕಳು ತಟ್ಟೆ ಹಿಡ್ಕೊಂಡು ನಿಂತಿರ್ತಾರೆ” ಅಂದರು. ಕಂಪ್ಯೂಟರ್ ತಪ್ಪು ಮಾಡಲ್ಲ ಎಂದು ನಾನು ವಾದ ಮಾಡಿದೆ.

ದೀಪಾವಳಿಗೆ ಅಕ್ಕ ಮತ್ತೆ ಬಂದಾಗ ಪ್ರೋಗ್ರಾಂ ತೆಗೆದು ನೋಡಿದರೆ ಎ, ಬಿ, ಟಿ ಎಂದು ಬರೆದಿದ್ದೇನೆ. ಯಾವುದು ಏನು ಎಂದು ನನಗೇ ತಿಳಿಯಲಿಲ್ಲ! ಆಗ ಅಕ್ಕ ಪೈಲಿಂಟ್ ಎಂಬುದನ್ನು ಓಡಿಸಿದಳು. ಅದು 10ಕ್ಕೆ 5 ಅಂಕ ಕೊಟ್ಟಿತು. ಲೆಕ್ಕ ಹೀಗೆ: ತಕರಾರು ಮೂರು, ಸಾಲು ಆರು. ಮೂರನ್ನು ಆರರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ 5. ಅದನ್ನು 10ರಲ್ಲಿ ಕಳೆಯಬೇಕು. ದೊಡ್ಡ ತಪ್ಪಾದರೆ ಒಂದನ್ನೇ ಐದಾಗಿ ಎಣಿಸುತ್ತದೆ. ನಮ್ಮ ಮೇಷ್ಟ್ರೂ ಇಷ್ಟು ಬಿಗಿ ಇಲ್ಲ.

ಎರಡು ತಕರಾರು ವಿವರಣೆ ಬರೆದಿಲ್ಲ ಎಂದು. ಮೂರನೆಯದು, ‘ಬಿ ಎಂದು ಇಟ್ಟಿದ್ದೀಯ, ಎಲ್ಲೂ ಬಳಸಿಲ್ಲ’ ಎಂದು. ಆ ಬಿ ಎಂದರೆ 150! ನಾನು ಎಲ್ಲರನ್ನೂ ಕೂಡಿ 100ರಿಂದಲೇ ಗುಣಿಸಿದ್ದೆ. ಸರಿಯಾದ ಉತ್ತರ 8500. ಕಡಿಮೆ ಬಿದ್ದದ್ದು 1500 ಗ್ರಾಂ, ಅಂದರೆ ಹತ್ತು ಜನ ದೊಡ್ಡ ಮಕ್ಕಳ ಊಟ.

ಇದು ಪ್ರೋಗ್ರಾಮನ್ನು ನಡೆಸಿ ನೋಡುವುದಿಲ್ಲ, ಬರೀ ಓದುತ್ತದೆ. ನಾವು ವ್ಯಾಕರಣದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಬಿಡಿಸುವ ಹಾಗೆ ಸಾಲುಗಳನ್ನು ಬಿಡಿಸಿ, ಯಾವ ಹೆಸರು ಎಲ್ಲಿ ಹುಟ್ಟಿತು, ಎಲ್ಲಿ ಬಳಕೆಯಾಯಿತು ಎಂದು ಹುಡುಕುತ್ತದೆ. ಇಂಥದ್ದನ್ನು 1978ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ಎಂಬುವರು ಸಿ ಭಾಷೆಗಾಗಿ ಮಾಡಿದರು. ಹೆಸರು ಲಿಂಟ್. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಜುಂಗಿಗೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ.

ಎ, ಬಿ ಎಂಬ ಹೆಸರಿಗೆ ಪೈಲಿಂಟ್ ಏನೂ ಅನ್ನಲಿಲ್ಲ. ಬೈದದ್ದು ಅಕ್ಕ. “ಆರು ತಿಂಗಳು ಬಿಟ್ಟು ಬೇರೆಯವರು ಓದಬೇಕಲ್ವೇನೋ?” ಎಂದಳು. ಚಿಕ್ಕವರ_ಅಕ್ಕಿ, ದೊಡ್ಡವರ_ಅಕ್ಕಿ ಎಂದು ಕನ್ನಡದಲ್ಲೇ ಹೆಸರಿಟ್ಟೆ. ಪೈಥಾನ್ ಒಪ್ಪಿತು, ಪೈಲಿಂಟ್ ಮಾತ್ರ ಇಂಗ್ಲಿಷ್ ಅಕ್ಷರ ಅಲ್ಲ ಎಂದು ಗೊಣಗಿತು! ಇದು ನನಗೆ ಹಿಡಿಸಲಿಲ್ಲ. ಆ ತಕರಾರನ್ನು ಬೇಡವೆಂದು ಹೇಳಿ ನಿಲ್ಲಿಸಬಹುದು, ಅಕ್ಕ ನಿಲ್ಲಿಸಿಕೊಟ್ಟಳು. ವಿವರಣೆಯನ್ನೂ ಬರೆದೆ. 10ಕ್ಕೆ 10 ಬಂತು.

ಆಮೇಲೆ ಪರೀಕ್ಷೆ ಮಾಡೋಣವೆಂದು ಬೇಕಂತಲೇ 150 ಇದ್ದ ಕಡೆ 105 ಎಂದು ಹಾಕಿದೆ. ಆಗಲೂ 10ಕ್ಕೆ 10! ಉತ್ತರ ಮಾತ್ರ 7150. ಮಾರನೆ ದಿನ ಅಡುಗೆ ಅಕ್ಕನ ಹತ್ತಿರ ಹೋಗಿ ಏಳು ಕೇಜಿ ನೂರೈವತ್ತು ಗ್ರಾಂ ಅಂದೆ. ಅವರು ಅಕ್ಕಿ ಆರಿಸುತ್ತಾ ತಲೆ ಎತ್ತದೆಯೇ “ಸಾಲಲ್ಲ” ಅಂದರು.

— ಏಳನೇ ತರಗತಿ ವಿದ್ಯಾರ್ಥಿ, ಬೋಗಾದಿ