ಬೆಟ್ಟದ ಬೈಸಿಕಲ್ಲಿಗೆ ಎಷ್ಟು ದೊಡ್ಡ ಗಾಲಿ?

ಎತ್ತಿನ ಗಾಡಿಯ ಗಾಲಿ ಎಳೆಯುವ ಎತ್ತಿನ ಹೆಗಲೆತ್ತರಕ್ಕೆ ಬರುವಷ್ಟು ದೊಡ್ಡದಾಗಿರುವುದೇಕೆ? ಚಿಕ್ಕ ಗಾಲಿಗೆ ಮರವೂ ಕಡಿಮೆ, ಕಬ್ಬಿಣದ ಪಟ್ಟಿಯೂ ಕಡಿಮೆ. ಹೀಗಿದ್ದರೂ ನಮ್ಮ ಬಡಗಿಗಳು ಐದಡಿ ವ್ಯಾಸದ ಗಾಲಿಯನ್ನೇ ಮಾಡುತ್ತ ಬಂದರು. ಕಲ್ಲು, ಕೊರಕಲು, ಉಳುಮೆಯ ಸಾಲು ಇವುಗಳ ಮೇಲೆ ದೊಡ್ಡ ಗಾಲಿ ಸುಲಭವಾಗಿ ಉರುಳುವುದೆಂಬುದನ್ನು ಅನುಭವವೇ ಅವರಿಗೆ ಕಲಿಸಿತ್ತು.

ಇದೇ ಪ್ರಶ್ನೆ ಈಗ ಇನ್ನೊಂದು ರೂಪದಲ್ಲಿ ನಮ್ಮ ಮುಂದೆ ನಿಂತಿದೆ. ಹೊಸ ಬೆಟ್ಟದ ಬೈಸಿಕಲ್ಲನ್ನು ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ೨೬, ೨೭.೫ ಮತ್ತು ೨೯ ಇಂಚು ಎಂಬ ಮೂರು ಅಳತೆಯ ಗಾಲಿಗಳನ್ನು ತೋರಿಸುತ್ತಾರೆ. ಹಾಸನದ ಬಳಿಯ ಬೂವನಹಳ್ಳಿಯಂಥ ಊರಿನಿಂದ ದಿನವೂ ಪಟ್ಟಣದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ದಾರಿಯಲ್ಲಿ ಡಾಂಬರು ರಸ್ತೆಯೂ ಉಂಟು, ಹೊಲಗಳ ನಡುವಣ ಗಾಡಿಜಾಡೂ ಉಂಟು. ರಜೆಯ ದಿನಗಳಲ್ಲಿ ಸಕಲೇಶಪುರದ ಕಡೆಯ ಮಲೆನಾಡಿನ ಏರುಗಳನ್ನು ಹತ್ತುವ ಆಸೆಯೂ ಇರಬಹುದು. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣದಿಂದ ಒಮ್ಮೆ ಕೊಂಡ ಬೈಸಿಕಲ್ಲು ಹಲವು ವರ್ಷ ಬಾಳಬೇಕು. ತಪ್ಪು ಅಳತೆಯದನ್ನು ಆರಿಸಿದರೆ ಅದು ಪಡಸಾಲೆಯ ಗೋಡೆಗೆ ಒರಗಿ ನಿಲ್ಲುವುದು. ಆದಕಾರಣ ಈ ಆಯ್ಕೆಯನ್ನು ಭೌತಶಾಸ್ತ್ರದ ಬೆಳಕಿನಲ್ಲಿ ಪರೀಕ್ಷಿಸುವುದು ಯುಕ್ತ.

ಹೆಸರು ಒಂದು, ಅಳತೆ ಒಂದು

೨೬ ಇಂಚಿನ ಅಳತೆ ಯಾವ ಲೆಕ್ಕಾಚಾರದಿಂದಲೂ ಹುಟ್ಟಿದುದಲ್ಲ. ಅಮೆರಿಕದ ಷ್ವಿನ್ ಸಂಸ್ಥೆಯವರು ೧೯೩೩ರಲ್ಲಿ ಅಗಲವಾದ ಬಲೂನ್ ಟಯರಿನ ಬೈಸಿಕಲ್ಲುಗಳನ್ನು ಮಾರಾಟಕ್ಕೆ ತಂದರು. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಜಿಲ್ಲೆಯ ತರುಣರು ಆ ಬಗೆಯ ಹಳೆಯ ಬೈಸಿಕಲ್ಲುಗಳನ್ನು ಹುಡುಕಿ ತಂದು ಟ್ಯಾಮಲ್‌ಪಾಯಿಸ್ ಬೆಟ್ಟದ ಇಳಿಜಾರುಗಳಲ್ಲಿ ಓಡಿಸಿದರು. ಕೈಗೆ ಸಿಕ್ಕ ಗಾಲಿ ೨೬ ಇಂಚಿನದು. ಅದೇ ಮುಂದೆ ರೂಢಿಯಾಯಿತು. ೧೯೯೯ರಲ್ಲಿ ದೊಡ್ಡ ರಿಮ್ಮಿಗೆ ಹೊಂದುವ ಅಗಲ ಟಯರು ದೊರೆತ ಮೇಲೆ ೨೯ ಇಂಚಿನ ಗಾಲಿಯೂ, ೨೦೦೭ರ ತರುವಾಯ ೨೭.೫ ಇಂಚಿನ ಗಾಲಿಯೂ ಬಳಕೆಗೆ ಬಂದವು.

ಈ ಹೆಸರುಗಳು ಟಯರಿನ ಹೊರವ್ಯಾಸವನ್ನು ಸ್ಥೂಲವಾಗಿ ಸೂಚಿಸುತ್ತವೆಯೇ ಹೊರತು ರಿಮ್ಮಿನ ವ್ಯಾಸವನ್ನಲ್ಲ. ಟಯರಿನ ಅಂಚು ರಿಮ್ಮಿನಲ್ಲಿ ಕುಳಿತುಕೊಳ್ಳುವ ವೃತ್ತದ ವ್ಯಾಸವೇ ನಿಜವಾದ ಅಳತೆ. ಅದು ೨೬ರಲ್ಲಿ ೫೫೯ ಮಿಲಿಮೀಟರು, ೨೭.೫ರಲ್ಲಿ ೫೮೪, ೨೯ರಲ್ಲಿ ೬೨೨. ಅಂದಮೇಲೆ ೨೭.೫ ಎಂಬುದು ಎರಡರ ನಟ್ಟನಡುವೆ ಇಲ್ಲ. ೨೬ಕ್ಕೇ ಹೆಚ್ಚು ಸಮೀಪವಾಗಿದೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೊಬ್ಬರು ಮುಂದೊಬ್ಬರು ಮಕ್ಕಳು ಇವೆಲ್ಲವನ್ನೂ ಹೊತ್ತ ಹಳೆಯ ಕರಿಯ ಬೈಸಿಕಲ್ಲಿನ ೨೮ ಇಂಚಿನ ಗಾಲಿಯ ರಿಮ್ಮು ೬೩೫ ಮಿಲಿಮೀಟರು. ಎಂದರೆ ಹೊಸ ೨೯ ಇಂಚಿನದಕ್ಕಿಂತ ದೊಡ್ಡದು! ಅದರ ಟಯರು ಸಪುರವಾದುದರಿಂದ ಹೊರವ್ಯಾಸ ಮಾತ್ರ ೨೮ ಇಂಚಿಗೆ ನಿಲ್ಲುತ್ತದೆ. ದೊಡ್ಡ ಗಾಲಿ ನಮಗೆ ಹೊಸತಲ್ಲ.

ಹೆಸರನ್ನು ನಂಬಿ ಮೋಸಹೋಗುವ ಸಂಭವವೂ ಉಂಟು. ಸಪುರ ಟಯರಿನ ೨೬ ಇಂಚಿನ ಬೈಸಿಕಲ್ಲೊಂದು ಬಗೆಯಿದೆ. ಅದರ ಟಯರಿನ ಮೇಲೆ ೨೬ × ೧ ೩/೮ ಎಂದು ಬರೆದಿರುತ್ತದೆ. ಅದರ ರಿಮ್ಮು ೫೯೦ ಮಿಲಿಮೀಟರು. ಆ ಟಯರು ಬೆಟ್ಟದ ಬೈಸಿಕಲ್ಲಿನ ೫೫೯ರ ರಿಮ್ಮಿನಲ್ಲಿ ಎಂದಿಗೂ ಬಿಗಿಯಾಗಿ ಕೂರದು. ಆದುದರಿಂದ ಟಯರು ಕೊಳ್ಳುವಾಗ ಅದರ ಪಕ್ಕದಲ್ಲಿ ಅಚ್ಚಾಗಿರುವ ಮೂರಂಕಿಯ ಮಿಲಿಮೀಟರು ಸಂಖ್ಯೆಯನ್ನು ಓದತಕ್ಕದ್ದು.

ಕಲ್ಲನ್ನು ಹತ್ತುವ ಲೆಕ್ಕ

ದಾರಿಯಲ್ಲಿ ೫೦ ಮಿಲಿಮೀಟರು, ಎಂದರೆ ಸುಮಾರು ಎರಡು ಇಂಚು, ಎತ್ತರದ ಕಲ್ಲೊಂದಿದೆ. ಮುಂದಿನ ಗಾಲಿಯ ಮೇಲೆ ೪೦ ಕಿಲೋಗ್ರಾಂ ಭಾರವಿದೆಯೆಂದು ಎಣಿಸೋಣ. ನಿಂತ ಗಾಲಿಯನ್ನು ಆ ಕಲ್ಲಿನ ಮೇಲಕ್ಕೆ ಹತ್ತಿಸಲು ಅಚ್ಚನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯಬೇಕು?

ಇದು ಸನ್ನೆಗೋಲಿನ ಲೆಕ್ಕ. ಗಾಲಿಯು ಕಲ್ಲಿನ ಅಂಚನ್ನು ಆನಿಕೆಯಾಗಿ ಮಾಡಿಕೊಂಡು ತಿರುಗುತ್ತದೆ. ಎಳೆತದ ತೋಳು ಎಂದರೆ ಅಚ್ಚು ಆ ಅಂಚಿಗಿಂತ ಎಷ್ಟು ಮೇಲಿದೆಯೋ ಅಷ್ಟು; ಭಾರದ ತೋಳು ಎಂದರೆ ಅಚ್ಚು ಅಂಚಿನಿಂದ ಎಷ್ಟು ಹಿಂದಿದೆಯೋ ಅಷ್ಟು. ೫೪ ಮಿಲಿಮೀಟರು ದಪ್ಪದ ಟಯರನ್ನು ತೊಡಿಸಿದ ೨೬ ಇಂಚಿನ ಗಾಲಿಯ ತ್ರಿಜ್ಯ ೩೩೩ ಮಿಲಿಮೀಟರು. ಅದರ ಅಚ್ಚು ಕಲ್ಲಿನ ಅಂಚಿಗಿಂತ ೨೮೩ ಮೇಲೂ, ಪೈಥಾಗೊರಸನ ಪ್ರಮೇಯದಂತೆ ೧೭೫.೫ ಹಿಂದೂ ಇರುತ್ತದೆ. ೪೦ನ್ನು ೧೭೫.೫ರಿಂದ ಗುಣಿಸಿ ೨೮೩ರಿಂದ ಭಾಗಿಸಿದರೆ ೨೪.೮ ಬರುತ್ತದೆ. ಉಳಿದ ಗಾಲಿಗಳಿಗೂ ಹೀಗೆಯೇ ಲೆಕ್ಕ ಹಾಕಿದರೆ ಬೇಕಾದ ಎಳೆತ ಈ ರೀತಿ ದೊರೆಯುತ್ತದೆ:

೨೦ ಇಂಚು, ಮಕ್ಕಳ ಬೈಸಿಕಲ್ಲು (ತ್ರಿಜ್ಯ ೨೫೭ ಮಿ.ಮೀ.): ೨೯.೪ ಕಿ.ಗ್ರಾಂ. ಭಾರ
೨೬ ಇಂಚು (೩೩೩ ಮಿ.ಮೀ.): ೨೪.೮
೨೭.೫ ಇಂಚು (೩೪೬ ಮಿ.ಮೀ.): ೨೪.೨
೨೯ ಇಂಚು (೩೬೫ ಮಿ.ಮೀ.): ೨೩.೪
ಐದಡಿಯ ಗಾಡಿ ಗಾಲಿ (ಸುಮಾರು ೭೬೦ ಮಿ.ಮೀ.): ೧೫.೩

ಗಾಡಿಯ ಬಡಗಿಯ ಅನುಭವ ಸರಿಯೆಂಬುದು ಇದರಿಂದ ಸ್ಪಷ್ಟ. ಆದರೆ ೨೬ಕ್ಕೂ ೨೯ಕ್ಕೂ ಇರುವ ಅಂತರ ನೂರಕ್ಕೆ ಆರಕ್ಕಿಂತ ಸ್ವಲ್ಪ ಕಡಿಮೆ. ಲಾಭ ನಿಜ, ಆದರೆ ಅಲ್ಪ. ಟಯರು ಅಮುಕಿಕೊಳ್ಳುವುದನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇವೆ. ಆ ವಿಚಾರ ಮುಂದೆ ಬರುತ್ತದೆ. ವಾಚಕರು ಎರಡಿಂಚು ದಪ್ಪದ ಹಲಗೆಯೊಂದನ್ನೂ ಸ್ಪ್ರಿಂಗ್ ತಕ್ಕಡಿಯೊಂದನ್ನೂ ತೆಗೆದುಕೊಂಡು, ಬೇರೆ ಬೇರೆ ಬೈಸಿಕಲ್ಲುಗಳ ಮುಂದಿನ ಗಾಲಿಯನ್ನು ಎಳೆದು ಈ ಪ್ರಯೋಗವನ್ನು ತಾವೇ ಮಾಡಿ ನೋಡಬಹುದು. ಸಡಿಲ ಮರಳಿನಲ್ಲಿಯೂ ಮೆತು ಮಣ್ಣಿನಲ್ಲಿಯೂ ದೊಡ್ಡ ಗಾಲಿಗೆ ಇನ್ನೊಂದು ಅನುಕೂಲವುಂಟು: ನೆಲವನ್ನು ಮುಟ್ಟುವ ಭಾಗ ಉದ್ದವಾಗಿರುವುದರಿಂದ ಅದು ಕಡಿಮೆ ಹೂಳುತ್ತದೆ.

ತೂಕದ ಭಯ

ದೊಡ್ಡ ಗಾಲಿಯನ್ನು ತಿರುಗಿಸುವುದು ಬಹಳ ಕಷ್ಟವೆಂಬ ಮಾತೂ ಕೇಳಿಬರುತ್ತದೆ. ತ್ರಿಜ್ಯ ಹೆಚ್ಚಿದಂತೆ ಗಾಲಿಯ ಭ್ರಮಣಜಡತ್ವ ವರ್ಗದ ಪ್ರಮಾಣದಲ್ಲಿ ಹೆಚ್ಚುವುದು ನಿಜ. ಆದರೆ ಅದೇ ವೇಗದಲ್ಲಿ ಸಾಗುವಾಗ ದೊಡ್ಡ ಗಾಲಿ ನಿಧಾನವಾಗಿ ತಿರುಗುತ್ತದೆಯಷ್ಟೆ. ಒಂದು ಹೆಚ್ಚಿದುದನ್ನು ಇನ್ನೊಂದು ಸರಿದೂಗಿಸುತ್ತದೆ. ಉಳಿಯುವುದು ರಿಮ್ಮು ಟಯರುಗಳ ತೂಕ ಮಾತ್ರ. ಸುತ್ತಳತೆ ಹೆಚ್ಚಿದಷ್ಟೂ ಆ ತೂಕ ಹೆಚ್ಚುತ್ತದೆ: ೨೬ರಲ್ಲಿ ೧.೫ ಕಿಲೋಗ್ರಾಂ ಇದ್ದರೆ ೨೯ರಲ್ಲಿ ಸುಮಾರು ೧.೬೭. ಎರಡು ಗಾಲಿಗೂ ಸೇರಿ ೦.೩೪ ಕಿಲೋಗ್ರಾಂ ಹೆಚ್ಚು. ವೇಗವನ್ನು ಏರಿಸುವಾಗ ಗಾಲಿಯ ಅಂಚಿನ ತೂಕ ಇಮ್ಮಡಿಯಾಗಿ ಲೆಕ್ಕಕ್ಕೆ ಬರುವುದರಿಂದ ಅದು ೦.೬೮ ಆಯಿತು. ಸವಾರ ಮತ್ತು ಬೈಸಿಕಲ್ಲು ಸೇರಿ ೮೦ ಕಿಲೋಗ್ರಾಂ ಇದ್ದಲ್ಲಿ ಇದು ನೂರಕ್ಕೆ ಒಂದು ಪಾಲೂ ಅಲ್ಲ.

ಗಮನಿಸಬೇಕಾದುದು ಬೇರೆ. ೨೬ರ ಗಾಲಿ ಒಂದು ಸುತ್ತಿಗೆ ೨.೦೯ ಮೀಟರು ಸಾಗಿದರೆ ೨೯ರದು ೨.೨೯ ಮೀಟರು ಸಾಗುತ್ತದೆ. ಹಲ್ಲುಚಕ್ರಗಳು ಒಂದೇ ಆಗಿದ್ದರೆ ಏರಿನಲ್ಲಿ ಪೆಡಲನ್ನು ನೂರಕ್ಕೆ ಹತ್ತರಷ್ಟು ಹೆಚ್ಚು ಬಲದಿಂದ ತುಳಿಯಬೇಕು. ಮುಂದಿನ ಹಲ್ಲುಚಕ್ರದಲ್ಲಿ ೩೨ ಹಲ್ಲುಗಳ ಬದಲು ೨೯ ಅಥವಾ ೩೦ ಇದ್ದರೆ ಈ ತೊಂದರೆ ತೀರುತ್ತದೆ. ಗೇರಿಲ್ಲದ ಬೈಸಿಕಲ್ಲನ್ನು ಕೊಳ್ಳುವವರು ಇದನ್ನು ಅಗತ್ಯವಾಗಿ ಎಣಿಸಬೇಕು.

ಟಯರಿನೊಳಗಿನ ಗಾಳಿ

ಟಯರು ನೆಲವನ್ನು ಮುಟ್ಟುವ ವಿಸ್ತೀರ್ಣವು, ಸ್ಥೂಲವಾಗಿ, ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ೪೦ ಕಿಲೋಗ್ರಾಂ ಭಾರಕ್ಕೆ ಚದರ ಸೆಂಟಿಮೀಟರಿಗೆ ೪ ಕಿಲೋಗ್ರಾಂ ಒತ್ತಡವಿದ್ದರೆ ೧೦ ಚದರ ಸೆಂಟಿಮೀಟರು, ೨.೫ಕ್ಕೆ ಇಳಿಸಿದರೆ ೧೬. ಆಗ ಟಯರು ಚಿಕ್ಕ ಕಲ್ಲುಗಳನ್ನು ಹತ್ತುವುದಕ್ಕೆ ಬದಲು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಗಾಡಿಜಾಡಿನಲ್ಲಿ ಕೈಗಳಿಗೆ ಬೀಳುವ ಪೆಟ್ಟನ್ನು ತಗ್ಗಿಸುವುದರಲ್ಲಿ ಗಾಲಿಯ ಮೂರು ಇಂಚಿನ ವ್ಯತ್ಯಾಸಕ್ಕಿಂತ ಖರ್ಚಿಲ್ಲದ ಈ ಉಪಾಯವೇ ಮೇಲು. ಆದರೆ ಟಯರಿನ ಮೇಲೆ ಅಚ್ಚಾಗಿರುವ ಕನಿಷ್ಠ ಮಿತಿಗಿಂತ ಕೆಳಗೆ ಇಳಿಸಬಾರದು. ಇಳಿಸಿದರೆ ರಿಮ್ಮು ಟ್ಯೂಬನ್ನು ಕಚ್ಚಿ ಹರಿಯುವುದು.

ದೇಹವೇ ಮೊದಲ ಅಳತೆಗೋಲು

೨೦೧೨ರ ಲಂಡನ್ ಒಲಿಂಪಿಕ್ಸಿನ ಪುರುಷರ ಬೆಟ್ಟದ ಬೈಸಿಕಲ್ ಸ್ಪರ್ಧೆಯು ಒಂದು ಒಳ್ಳೆಯ ನಿದರ್ಶನ. ಎತ್ತರದ ಆಳಾದ ಚೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ೨೯ ಇಂಚಿನ ಗಾಲಿಯ ಮೇಲೆ ಚಿನ್ನವನ್ನು ಗೆದ್ದರು. ಅವರಿಗಿಂತ ಕುಳ್ಳಗಿನ ಸ್ವಿಸ್ ಸವಾರ ನಿನೊ ಶೂರ್ಟರ್ ೨೭.೫ರ ಮೇಲೆ ಬೆಳ್ಳಿಯನ್ನು ಪಡೆದರು. ಒಂದೂವರೆ ಗಂಟೆಯ ಹೋರಾಟದ ಕೊನೆಗೆ ಅವರ ನಡುವೆ ಉಳಿದ ಅಂತರ ಒಂದೇ ಸೆಕೆಂಡು! ೨೦೧೬ರ ರಿಯೋದಲ್ಲಿ ಅದೇ ಶೂರ್ಟರ್ ೨೯ರ ಮೇಲೆ ಚಿನ್ನ ಗೆದ್ದರು. ಗಾಲಿಯೊಂದರಿಂದಲೇ ಗೆಲುವನ್ನು ಅಳೆಯಲಾಗದು.

ಆದಕಾರಣ ನಮ್ಮ ಬೂವನಹಳ್ಳಿಯ ವಿದ್ಯಾರ್ಥಿಗೆ ಆಯ್ಕೆಯ ಕ್ರಮವನ್ನು ಹೀಗೆ ಸೂಚಿಸಬಹುದು. ಮೊದಲು ಬೈಸಿಕಲ್ಲಿನ ಚೌಕಟ್ಟಿನ ಮೇಲೆ ಕಾಲುಹಾಕಿ ನಿಲ್ಲಲಿ. ಎರಡು ಪಾದಗಳೂ ನೆಲಕ್ಕೆ ಪೂರ್ತಿಯಾಗಿ ಊರಬೇಕು, ನಡುಕೊಳವೆಗೂ ದೇಹಕ್ಕೂ ನಡುವೆ ಕೆಲವು ಬೆರಳುಗಳ ತೆರಪಿರಬೇಕು. ಹ್ಯಾಂಡಲನ್ನು ತಿರುಗಿಸಿದಾಗ ಪೆಡಲಿನ ಮೇಲಣ ಕಾಲ್ಬೆರಳು ಮುಂದಿನ ಗಾಲಿಗೆ ತಗಲಬಾರದು. ಕುಳ್ಳಗಿನವರಿಗೆ ಈ ಎರಡು ಪರೀಕ್ಷೆಗಳಲ್ಲಿಯೇ ೨೯ ಸೋಲಬಹುದು. ಹಾಗಾದಾಗ ನಾಚದೆ ೨೭.೫ ಅಥವಾ ೨೬ನ್ನು ಆರಿಸಲಿ. ನೂರಕ್ಕೆ ಆರರ ಲಾಭಕ್ಕಾಗಿ ಬೀಳುವ ಅಪಾಯವನ್ನು ತಂದುಕೊಳ್ಳುವುದು ಜಾಣತನವಲ್ಲ. ಎರಡರಲ್ಲಿಯೂ ೨೯ ಗೆದ್ದರೆ, ನಿತ್ಯದ ದಾರಿ ಕಲ್ಲುಮಣ್ಣಿನದಾಗಿದ್ದರೆ, ೨೯ನ್ನೇ ಕೊಳ್ಳಲಿ. ದಾರಿ ಬಹುಮಟ್ಟಿಗೆ ಡಾಂಬರಿನದಾದರೆ ಗಾಲಿಯ ವ್ಯಾಸಕ್ಕಿಂತ ಟಯರಿನ ಹಲ್ಲು ನಯವಾಗಿರುವುದು ಮುಖ್ಯ.

ಕೊನೆಯದಾಗಿ, ಹಣ ಕೊಡುವ ಮುನ್ನ ತಾನು ದಿನವೂ ಹಾದುಹೋಗುವ ರಿಪೇರಿ ಅಂಗಡಿಯಲ್ಲಿ ಆ ಅಳತೆಯ ಟಯರು, ಟ್ಯೂಬುಗಳು ಸಿಗುವುವೇ ಎಂದು ವಿಚಾರಿಸಲಿ. ಪರೀಕ್ಷೆಯ ದಿನ ಬೆಳಿಗ್ಗೆ ಮುಳ್ಳು ಚುಚ್ಚಿದಾಗ ಅವನನ್ನು ವೇಳೆಗೆ ಕಾಲೇಜಿಗೆ ತಲುಪಿಸುವುದು ಆ ಅಂಗಡಿಯ ಗೂಟಕ್ಕೆ ತೂಗುಹಾಕಿದ ಟ್ಯೂಬೇ.