ನಾಗಾ ಗಾಯಕರಾದ ರೂಬೆನ್ ಮಶಾಂಗ್ವರ ಜೀವಿತವು ಕಲಿಸುವ ಪಾಠ



ಪುಸ್ತಕದಲ್ಲಿ ಅಚ್ಚಾದ ಹಾಡು ಹರಿದುಹೋದರೂ ಬೇರೊಂದು ಪ್ರತಿ ಎಲ್ಲಾದರೂ ದೊರೆಯಬಹುದು. ಬಾಯಿಂದ ಬಾಯಿಗೆ ಮಾತ್ರ ಬಂದ ಹಾಡಾದರೋ, ಅದನ್ನು ಬಲ್ಲ ಮುದುಕಿಯೊಂದಿಗೆ ಮಣ್ಣುಗೂಡುವುದು. ಈ ನಷ್ಟವನ್ನು ತಡೆಯಲು ಒಬ್ಬ ಮನುಷ್ಯನು ಎಷ್ಟು ಮಾಡಬಲ್ಲನೆಂಬುದನ್ನು ನಾವು ಈ ಪಾಠದಲ್ಲಿ ವಿಚಾರಿಸೋಣ.

ಮಣಿಪುರ ರಾಜ್ಯದಲ್ಲಿ ಉಖ್ರುಲ್ ಎಂಬ ಬೆಟ್ಟಸೀಮೆಯುಂಟು. ಅದು ತಾಂಗ್‌ಖುಲ್ ನಾಗಾ ಜನರ ನಾಡು. ಅವರ ಭಾಷೆಗೆ ಪೂರ್ವದಲ್ಲಿ ಲಿಪಿ ಇರಲಿಲ್ಲ. ಹಿರಿಯರ ಕಥೆ, ಪ್ರೇಮ, ಶೋಕ, ಲುಯಿರಾ ಎಂಬ ಬಿತ್ತನೆಯ ಹಬ್ಬದ ಸಂತೋಷ, ಇವೆಲ್ಲವೂ ಹಾಡುಗಳಲ್ಲಿಯೇ ಉಳಿದುಬಂದವು.

1896ರಲ್ಲಿ ವಿಲಿಯಂ ಪೆಟ್ಟಿಗ್ರೂ ಎಂಬ ಮಿಷನೆರಿಗಳು ಉಖ್ರುಲಿಗೆ ಬಂದು, ಮರುವರ್ಷ ಶಾಲೆಯನ್ನು ತೆರೆದರು. ಆ ಜನರ ನುಡಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದನ್ನು ಕಲಿಸಿದರು. ಹೀಗೆ ವಿದ್ಯೆಯ ಬೆಳಕು ಬೆಟ್ಟವನ್ನು ಸೇರಿತು. ಆದರೆ ಆದಿಕಾಲದ ಸಭೆಗಳಲ್ಲಿ ಹಳೆಯ ಹಾಡು ಕುಣಿತಗಳನ್ನು ಅನ್ಯಮತದ ಗುರುತೆಂದೆಣಿಸಿ ದೂರವಿಟ್ಟದ್ದರಿಂದ, ಅನೇಕ ಹಾಡುಗಳು ಮೌನವಾದವು. ಮಿಷನ್ ಶಾಲೆಯಲ್ಲಿಯೇ ಕಲಿತ ನಾವು ಇದನ್ನು ಹೇಳಲು ಹಿಂಜರಿಯಬಾರದು. ಉಪಕಾರವನ್ನು ಮರೆಯುವುದು ಕೃತಘ್ನತೆ. ನಷ್ಟವನ್ನು ಮರೆಮಾಡುವುದು ಅಸತ್ಯ.

ರೂಬೆನ್ ಮಶಾಂಗ್ವರವರು 1961ರಲ್ಲಿ ಉಖ್ರುಲ್ ಸೀಮೆಯ ಚೊಯಿಥಾರ್ ಗ್ರಾಮದಲ್ಲಿ ಜನಿಸಿದರು. ಯೌವನದಲ್ಲಿ ಇವರ ಮನಸ್ಸನ್ನು ಸೆಳೆದದ್ದು ಗಿಟಾರು, ಮತ್ತು ಬಾಬ್ ಡಿಲನ್, ಬಾಬ್ ಮಾರ್ಲಿ ಮೊದಲಾದ ಪರದೇಶದ ಗಾಯಕರ ಹಾಡುಗಳು. ಆದರೆ ಇವರು ಅನುಕರಣದಲ್ಲಿಯೇ ನಿಂತುಬಿಡಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗಿ, ವೃದ್ಧರ ಬಳಿಯಲ್ಲಿ ಕುಳಿತು, ಹಳೆಯ ಹಾಡುಗಳನ್ನು ಕೇಳಿ ಕಲಿತರು. ಕಮಾನಿನಿಂದ ನುಡಿಸುವ ತಿಂಗ್‌ತೇಲಿಯಾ ಎಂಬ ತಂತಿವಾದ್ಯವನ್ನು ಗಿಟಾರಿನ ಸ್ವರಗಳೊಂದಿಗೆ ಹೊಂದುವಂತೆ ತಿದ್ದಿಕೊಂಡರು. ಯಾಂಗ್‌ಕಹುಯಿ ಎಂಬ ಬಿದಿರಿನ ಕೊಳಲನ್ನೂ ಬಳಕೆಗೆ ತಂದರು. ಅಮೆರಿಕದ ಕಪ್ಪು ಜನರು ತಮ್ಮ ದುಃಖವನ್ನು ತೋಡಿಕೊಂಡ ಬ್ಲೂಸ್ ಎಂಬ ಗಾನರೀತಿಯನ್ನು ತಮ್ಮ ಬೆಟ್ಟದ ರಾಗಗಳೊಂದಿಗೆ ಕೂಡಿಸಿದರು. ಪೂರ್ವಿಕರಂತೆ ತಲೆಯ ಎರಡು ಪಕ್ಕಗಳನ್ನು ಬೋಳಿಸಿ, ನಡುವಣ ಕೂದಲನ್ನು ಉಳಿಸಿಕೊಂಡು ವೇದಿಕೆಯನ್ನೇರಿದರು. ತಮ್ಮ ಮಗನಾದ ಸಾಕಾನನ್ನು ಎಳವೆಯಿಂದಲೇ ಜೊತೆಯಲ್ಲಿ ಹಾಡಿಸಿದರು. ಹಾಡನ್ನು ಕಾಯುವ ನಿಜವಾದ ಪೆಟ್ಟಿಗೆಯು ಮಕ್ಕಳ ಕೊರಳೇ ಅಲ್ಲವೇ? 2021ರಲ್ಲಿ ಭಾರತ ಸರಕಾರವು ಇವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇವರ ಜೀವಿತದಿಂದ ನಾವು ಕಲಿಯತಕ್ಕದ್ದೇನು? ಹೊಸದನ್ನು ಕಲಿಯುವುದಕ್ಕೆ ಹಳೆಯದನ್ನು ಬಿಸಾಡಬೇಕಾಗಿಲ್ಲ. ಗಿಟಾರು ಬಲ್ಲವರೇ ತಿಂಗ್‌ತೇಲಿಯಾವನ್ನು ಉಳಿಸಿದರು. ಶಾಲೆಯು ಕೊಟ್ಟ ಅಕ್ಷರವೇ ಹಾಡನ್ನು ಬರೆದಿಡುವ ಸಾಧನವಾಗಬಲ್ಲದು. ಹಾಡು ಮರೆತುಹೋಗುವುದು ದ್ವೇಷದಿಂದಲೇ ಎಂದು ತಿಳಿಯಬೇಡಿರಿ. ಬಹುಮಟ್ಟಿಗೆ ಅದು ನಾಚಿಕೆಯಿಂದಲೂ ಅಲಕ್ಷ್ಯದಿಂದಲೂ ಮರೆತುಹೋಗುವುದು.

ಆದುದರಿಂದ ರಜೆಯಲ್ಲಿ ಮನೆಗೆ ಹೋಗುವ ನಿಮಗೆ ಒಂದು ಕೆಲಸವನ್ನು ಒಪ್ಪಿಸುತ್ತೇವೆ. ನಿಮ್ಮ ಅಜ್ಜಿಯರು ಬಲ್ಲ ಬೀಸುವ ಪದ, ಸೋಬಾನೆ, ಜೋಗುಳಗಳಲ್ಲಿ ಒಂದನ್ನಾದರೂ ಕೇಳಿ, ಅವರು ಹೇಳಿದಂತೆಯೇ, ಒಂದು ಮಾತನ್ನೂ ತಿದ್ದದೆ ಬರೆದುತನ್ನಿರಿ. ಬರೆದರೆ ಸಾಲದು, ತರಗತಿಯಲ್ಲಿ ಹಾಡಿರಿ. ಕೇಳಲು ನಾವು ಕಾದಿರುವೆವು.